0-3 ಆಯ್ತು. ಈಗ ಯಾರಿಗೆ ಎಷ್ಟು ಮಾರ್ಕ್ಸ್?

ಹನ್ನೊಂದನೇ ಬ್ಯಾಟ್ಸ್‌ಮನ್, ದಾವಣಗೆರೆ · 3 ನವೆಂಬರ್ 2024

ಹಬ್ಬದ ಹೋಳಿಗೆ ಇನ್ನೂ ಡಬ್ಬಿಯಲ್ಲಿದೆ, ನ್ಯೂಜಿಲೆಂಡ್ ಮೇಲಿನ ಟೆಸ್ಟ್ ಸರಣಿ ಮಾತ್ರ ಖಾಲಿ. ವಿದ್ಯಾನಗರದಲ್ಲಿ ಅಣ್ಣನ ಮನೆ ಟೀವಿ ಮುಂದೆ ಎಂಟು ಜನ ಕೂತಿದ್ದೆವು. ಮುಂಬೈನ ಕೊನೇ ಟೆಸ್ಟ್ ಗೆಲ್ಲೋಕೆ ಬೇಕಿದ್ದದ್ದು 147. 29 ರನ್‌ಗೆ 5 ವಿಕೆಟ್ ಹೋದಾಗ ಇಬ್ಬರು ಎದ್ದು ಚಪ್ಪಲಿ ಹಾಕಿಕೊಂಡರು. ಪಂತ್ ಹೊಡೆಯೋಕೆ ಶುರು ಮಾಡಿದ ಮೇಲೆ ಅದೇ ಇಬ್ಬರು ಚಪ್ಪಲಿ ಬಿಟ್ಟು ಒಳಗೆ ಬಂದರು. ಪಂತ್ ಔಟಾದ. ಆಮೇಲೆ ಮನೆಯಲ್ಲಿ ಫ್ಯಾನ್ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. 121ಕ್ಕೆ ಆಲೌಟ್, 25 ರನ್ ಸೋಲು.

ನನ್ನ ಸಂಕಟ ಬೇರೆ. ಈ ಸರಣಿಯ ಮೊದಲ ಟೆಸ್ಟ್‌ಗೆ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋದವನು ನಾನು. ಎರಡು ದಿನ ರಜೆ ಹಾಕಿದ್ದೆ. ಮೊದಲ ದಿನ ಒಂದೇ ಒಂದು ಬಾಲ್ ಬೀಳಲಿಲ್ಲ, ಇಡೀ ದಿನ ಮಳೆ ನೋಡಿದೆ. ಎರಡನೇ ದಿನ ಮೋಡ ಹಾಗೇ ಇತ್ತು. ಟಾಸ್ ಗೆದ್ದು ಬ್ಯಾಟಿಂಗ್ ಅಂದಾಗ ಪಕ್ಕದ ಸೀಟಿನ ಅಜ್ಜ 'ಅಯ್ಯೋ' ಅಂದರು. ಅಷ್ಟೇ ಅಂದದ್ದು. ಊಟದ ಹೊತ್ತಿಗೆ 34ಕ್ಕೆ 6. ಕ್ಯೂ ನಿಂತು ಒಂದು ಪಫ್ಸ್ ತಂದು ಕೂರುವಷ್ಟರಲ್ಲಿ, ಊಟ ಮುಗಿದ ಮೊದಲನೇ ಬಾಲ್‌ಗೇ ಅಶ್ವಿನ್ ಔಟ್. ಪಫ್ಸ್ ಕೈಯಲ್ಲೇ ಇತ್ತು. 46 ಆಲೌಟ್. ನಮ್ಮ ನೆಲದಲ್ಲಿ ಇದಕ್ಕಿಂತ ಕಡಿಮೆ ಭಾರತ ಯಾವತ್ತೂ ಹೊಡೆದಿಲ್ಲ. ಐದು ಡಕ್, ಅಂದರೆ ಐವರು ಸೊನ್ನೆಗೆ ಔಟಾದದ್ದು, ಕಣ್ಣಾರೆ ನೋಡಿದೆ.

ಸರಿ, ನನ್ನ ಮಾರ್ಕ್ಸ್ ಹತ್ತಕ್ಕೆ. ಪಂತ್‌ಗೆ 8, ಮೂರು ಟೆಸ್ಟ್‌ನಲ್ಲಿ 261 ರನ್. ವಾಷಿಂಗ್ಟನ್ ಸುಂದರ್‌ಗೂ 8, ಎರಡೇ ಮ್ಯಾಚ್‌ನಲ್ಲಿ 16 ವಿಕೆಟ್. ಜಡೇಜಾಗೆ 7, ಜೈಸ್ವಾಲ್‌ಗೆ 6. ಆರು ಇನಿಂಗ್ಸ್‌ನಲ್ಲಿ ರೋಹಿತ್ 91 ರನ್, ಕೊಹ್ಲಿ 93. ಇಬ್ಬರಿಗೂ ತಲಾ 2, ಅದೂ ಹಳೇ ಪ್ರೀತಿಗೆ. ನೀವು ಹಾಕಿ ನೋಡೋಣ.

ರನ್‌ರೇಟ್ ರಾಜ · 3 ನವೆಂಬರ್ 2024

ಎರಡೂ ಜಾಸ್ತಿ ಆಯ್ತು ಅಣ್ಣಾ. ಪುಣೆಯ ಎರಡನೇ ಟೆಸ್ಟ್‌ನಲ್ಲಿ ಅವರ ಸ್ಪಿನ್ನರ್ ಸ್ಯಾಂಟ್ನರ್ ಹಾಕಿದ, ನೆಲಕ್ಕೆ ಬೀಳದೆ ಬಂದ ಫುಲ್‌ಟಾಸ್‌ಗೆ ಕೊಹ್ಲಿ ಬೌಲ್ಡ್ ಆಗಿದ್ದು ನೋಡಿದ್ರಲ್ಲ? ನಮ್ಮ ಓಣಿಯ ಟೆನಿಸ್ ಬಾಲ್ ಟೂರ್ನಿಯಲ್ಲಿ ಫುಲ್‌ಟಾಸ್‌ಗೆ ಔಟಾದವನಿಗೆ ಸಂಜೆ ಮಂಡಕ್ಕಿ ಮಿರ್ಚಿ ಕೊಡಲ್ಲ.

ಕೋಟೆ ಸ್ಪಿನ್ನರ್, ಚಿತ್ರದುರ್ಗ · 3 ನವೆಂಬರ್ 2024

ಮಾರ್ಕ್ಸ್ ಹಾಕುವ ಮೊದಲು ಪ್ರಶ್ನೆಪತ್ರಿಕೆ ನೋಡಿ. ಪುಣೆ ಮತ್ತು ಮುಂಬೈನಲ್ಲಿ ಆಡಿದ್ದು ಯಾವ ಪಿಚ್ ಮೇಲೆ? ಬೆಂಗಳೂರಲ್ಲಿ ಸೋತ ಮೇಲೆ ನಮಗೆ ಬೇಕು ಅಂತ ಬಾಲ್ ತಿರುಗುವ ಪಿಚ್ ಕೊಟ್ಟರು. ತಿರುಗಿತು. ಆದರೆ ಅವರ ಕಡೆಗೂ ತಿರುಗಿತು.

ಇದು ನನಗೆ ಅನುಭವದಲ್ಲಿ ಗೊತ್ತು. ನಾನು ಕಾಲೇಜಿನಲ್ಲಿದ್ದಾಗ ಆಫ್ ಸ್ಪಿನ್ ಹಾಕುತ್ತಿದ್ದೆ. ಬಾಲ್ ಗಾಳಿಯಲ್ಲಿ ನಿಲ್ಲಿಸುವುದು, ಒಂದು ಬಾಲ್ ಸ್ವಲ್ಪ ಹಿಂದೆಯಿಂದ ಬಿಡುವುದು, ಇದೆಲ್ಲ ಕಲಿಯೋಕೆ ನಾಲ್ಕು ವರ್ಷ ಹಿಡಿಯಿತು. ಒಂದು ಸಲ ಮಳೆಗಾಲ ಮುಗಿದ ಮೇಲೆ ಪಿಚ್ ಬಿರುಕು ಬಿಟ್ಟು ಗುಡ್‌ಲೆಂತ್ ಜಾಗದಲ್ಲಿ ಅಂಗೈ ಅಗಲದ ಗುಂಡಿ ಬಿದ್ದಿತ್ತು. ಆ ದಿನ ನಾನು ಐದು ವಿಕೆಟ್ ತೆಗೆದೆ. ಎದುರು ಟೀಮಿನ ಎಂಟನೇ ಕ್ಲಾಸ್ ಹುಡುಗನೂ ಐದು ತೆಗೆದ. ಅವನು ಮಾಡಿದ್ದು ಇಷ್ಟೇ, ಗುಂಡಿಗೆ ಗುರಿ ಇಟ್ಟು ಜೋರಾಗಿ ಹಾಕಿದ. ನನ್ನ ನಾಲ್ಕು ವರ್ಷ ಆ ಗುಂಡಿಗೆ ಬಿತ್ತು.

ಪುಣೆಯಲ್ಲಿ ನಡೆದದ್ದು ಅದೇ. ಸ್ಯಾಂಟ್ನರ್ ಅದಕ್ಕೆ ಮುಂಚೆ ಟೆಸ್ಟ್‌ನಲ್ಲಿ ಒಂದು ಇನಿಂಗ್ಸ್‌ಗೆ ಐದು ವಿಕೆಟ್ ತೆಗೆದವನೇ ಅಲ್ಲ. ಅಲ್ಲಿ 53 ರನ್ ಕೊಟ್ಟು 7, ಆಮೇಲೆ 104 ಕೊಟ್ಟು 6, ಒಟ್ಟು 13. ಅಶ್ವಿನ್‌ಗೆ ಮೂರು ಟೆಸ್ಟ್‌ನಲ್ಲಿ ಸಿಕ್ಕಿದ್ದು 9. ಹಾಗಂತ ಅಶ್ವಿನ್‌ಗಿಂತ ಸ್ಯಾಂಟ್ನರ್ ದೊಡ್ಡ ಸ್ಪಿನ್ನರ್ ಅಂತೀರಾ? ಮೆಲ್ಲಗೆ ತಿರುಗುವ ಪಿಚ್‌ನಲ್ಲಿ ನಾಲ್ಕನೇ ದಿನ ಅಶ್ವಿನ್ ಬೇರೆ, ಉಳಿದವರು ಬೇರೆ. ಮೊದಲ ದಿನವೇ ಪುಡಿಯಾಗುವ ಪಿಚ್‌ನಲ್ಲಿ ಎಲ್ಲರೂ ಒಂದೇ. ಮೇಲಾಗಿ ಪುಣೆ, ಮುಂಬೈ ಎರಡೂ ಕಡೆ ಟಾಸ್ ಗೆದ್ದು ಮೊದಲು ಬ್ಯಾಟ್ ಮಾಡಿದ್ದು ಅವರು.

ಅದಕ್ಕೇ ನನ್ನ ಸೊನ್ನೆ ಆಟಗಾರರಿಗಲ್ಲ. ಆ ಪಿಚ್ ಕೇಳಿದವರಿಗೆ.

ಹನ್ನೊಂದನೇ ಬ್ಯಾಟ್ಸ್‌ಮನ್, ದಾವಣಗೆರೆ · 3 ನವೆಂಬರ್ 2024

ಬೆಂಗಳೂರಿನ 46ಕ್ಕೆ ಯಾವ ಗುಂಡಿ ಕಾರಣ? ಅಲ್ಲಿ ಔಟ್ ಮಾಡಿದ್ದು ಹೆನ್ರಿ ಮತ್ತು ಓರೂರ್ಕ್. ಇಬ್ಬರೂ ಫಾಸ್ಟ್ ಬೌಲರ್.

ಕೋಟೆ ಸ್ಪಿನ್ನರ್, ಚಿತ್ರದುರ್ಗ · 3 ನವೆಂಬರ್ 2024

ಅದು ಟಾಸ್ ತಪ್ಪು. ಪಿಚ್ ಓದುವುದರಲ್ಲಿ ಎಡವಿದೆ ಅಂತ ರೋಹಿತ್ ಬಾಯಿಬಿಟ್ಟು ಒಪ್ಪಿಕೊಂಡ. ಒಪ್ಪಿಕೊಂಡಿದ್ದಕ್ಕೆ ಒಂದು ಮಾರ್ಕ್ ಕೊಡಿ ಬೇಕಾದರೆ.

ಸ್ಕೋರ್‌ಬುಕ್ ಅಕ್ಕ · 3 ನವೆಂಬರ್ 2024

ನಾನು ಇಲ್ಲಿನ ಲೀಗ್ ಮ್ಯಾಚ್‌ಗಳಿಗೆ ಸ್ಕೋರ್ ಬರೆಯುವವಳು. ನೀವೆಲ್ಲ ಒಟ್ಟು ಮೊತ್ತ ಹಿಡಿದು ಜಗಳ ಆಡುತ್ತಿದ್ದೀರಿ. ಒಟ್ಟು ಮೊತ್ತ ಕೊನೆಗೆ ಬರೆಯುವುದು. ಆಟ ಇರುವುದು ನಡುವಿನ ಪೆನ್ಸಿಲ್ ಚುಕ್ಕಿಗಳಲ್ಲಿ.

ಬೆಂಗಳೂರು ಟೆಸ್ಟ್ ತೆಗೆದುಕೊಳ್ಳಿ. ಎಲ್ಲರೂ 46 ಅಂತಾರೆ. ಆದರೆ ಅದಾದ ಮೇಲೂ ನ್ಯೂಜಿಲೆಂಡ್ 233ಕ್ಕೆ 7 ಇತ್ತು. ಇನ್ನು ನಲವತ್ತಕ್ಕೆ ಮುಗಿಸಿದ್ದರೆ ಲೀಡ್ ಸುಮಾರು 230ರಲ್ಲಿ ನಿಲ್ಲುತ್ತಿತ್ತು. ಅಲ್ಲಿ ರಚಿನ್ ರವೀಂದ್ರ ಮತ್ತು ಸೌಥಿ ಎಂಟನೇ ವಿಕೆಟ್‌ಗೆ 137 ಸೇರಿಸಿದರು. ಮೊತ್ತ 402. ಎರಡನೇ ಇನಿಂಗ್ಸ್‌ನಲ್ಲಿ ನಾವು 462 ಹೊಡೆದೆವು, ಆದರೂ ಅವರಿಗೆ ಬೇಕಾದದ್ದು ಬರೀ 107. ಆ 137 ಇಲ್ಲದಿದ್ದರೆ ಬೇಕಾಗುತ್ತಿದ್ದದ್ದು 240ರ ಹತ್ತಿರ, ಅದೂ ಐದನೇ ದಿನ.

ಆ 462ರ ಒಳಗೂ ಒಂದು ಕಥೆ ಇದೆ. ಸರ್ಫರಾಜ್ 150, ಪಂತ್ 99. ಒಂದು ಹೊತ್ತಿನಲ್ಲಿ ಸ್ಕೋರ್ 408ಕ್ಕೆ 3. ನಾನು ಅಡುಗೆಮನೆಯಿಂದ ಕೂಗಿ ಮಗನಿಗೆ 'ಗೆಲ್ತೀವಿ ಕಣೋ' ಅಂದೆ. ಹೊಸ ಬಾಲ್ ಬಂತು. ಕೊನೆಯ ಏಳು ವಿಕೆಟ್ 54 ರನ್‌ಗೆ ಹೋಯಿತು. 46 ಅಪಘಾತ ಅನ್ನಿ, ಮೋಡ ಅನ್ನಿ. ಈ 54ಕ್ಕೆ ಏಳು ಯಾಕಾಯಿತು? ಬಿಸಿಲಿತ್ತು, ಬ್ಯಾಟಿಂಗ್‌ಗೆ ಪಿಚ್ ಚೆನ್ನಾಗಿತ್ತು.

ಮುಂಬೈನಲ್ಲೂ ಹಾಗೇ. ಮೊದಲ ದಿನ ಸಂಜೆ 78ಕ್ಕೆ 1. ಆಟ ಮುಗಿಯೋಕೆ ಇನ್ನೇನು ಹತ್ತು ನಿಮಿಷ. ಜೈಸ್ವಾಲ್ ರಿವರ್ಸ್ ಸ್ವೀಪ್ ಮಾಡಿ ಬೌಲ್ಡ್. ದಿನದ ಕೊನೆಗೆ ದೊಡ್ಡ ಬ್ಯಾಟ್ಸ್‌ಮನ್ ಉಳಿಸೋಕೆ ಇಳಿಸಿದ ನೈಟ್‌ವಾಚ್‌ಮನ್ ಸಿರಾಜ್ ಮೊದಲನೇ ಬಾಲ್‌ಗೇ ಔಟ್. ಕೊಹ್ಲಿ ರನ್‌ಔಟ್. 84ಕ್ಕೆ 4. ಆಮೇಲೆ ಸರ್ಫರಾಜ್‌ನನ್ನು ಎಂಟನೇ ನಂಬರಿಗೆ ಇಳಿಸಿದರು. 150 ಹೊಡೆದವನನ್ನು ಎಂಟಕ್ಕೆ! ನನ್ನ ಸ್ಕೋರ್‌ಬುಕ್‌ನಲ್ಲಿ ಹೆಸರು ಅಷ್ಟು ಕೆಳಗೆ ಬರೆದರೆ ಕ್ಯಾಪ್ಟನ್ ಬಂದು 'ಅಕ್ಕ, ತಪ್ಪಾಯ್ತು' ಅನ್ನುತ್ತಾನೆ.

ಏಕಪಕ್ಷೀಯ ಸರಣಿ ಅಂತ ನೀವು ಕರೆಯುತ್ತೀರಿ. ಫಲಿತಾಂಶ ಏಕಪಕ್ಷೀಯ, ನಿಜ. ಆಟ ಹಾಗಿರಲಿಲ್ಲ. ಮೂರು ಕಡೆಯೂ ಒಂದೊಂದು ಗಂಟೆ ನಮ್ಮದಾಗಬಹುದಿತ್ತು, ಬಿಟ್ಟುಕೊಟ್ಟೆವು.

ಗಾಜಿನಮನೆ ಹುಡುಗ · 4 ನವೆಂಬರ್ 2024

ಯಾರೂ ಕೆ.ಎಲ್. ರಾಹುಲ್ ಸುದ್ದಿ ಎತ್ತಿಲ್ಲ. ಬೆಂಗಳೂರಲ್ಲಿ 0 ಮತ್ತು 12, ಅಲ್ಲಿಗೆ ಮುಗೀತು. ಮುಂದಿನ ಎರಡು ಟೆಸ್ಟ್ ಇಲ್ಲ. ಒಂದು ಟೆಸ್ಟ್‌ನಲ್ಲಿ ಇಬ್ಬರು ಫೇಲಾದರೆ ಮನೆಗೆ ಹೋಗುವುದು ನಮ್ಮವನೇ ಯಾಕೆ?

ರನ್‌ರೇಟ್ ರಾಜ · 4 ನವೆಂಬರ್ 2024

ಯಾಕಂದ್ರೆ ಹತ್ತು ವರ್ಷದಿಂದ ಚಾನ್ಸ್ ಕೊಟ್ಟಿದ್ದಾರೆ. ಕನ್ನಡಿಗ ಅಂತ ಎಷ್ಟು ದಿನ ಹೊತ್ತುಕೊಂಡು ಓಡಾಡ್ತೀರಾ? ರಚಿನ್ ಕೂಡ ಬೆಂಗಳೂರು ಮೂಲದವನೇ, 134 ಹೊಡೆದ. ಅವನಿಗೆ ಜೈ ಅನ್ನಿ ಹಾಗಾದ್ರೆ.

ಗಾಜಿನಮನೆ ಹುಡುಗ · 4 ನವೆಂಬರ್ 2024

ಅಂದೆವಲ್ಲ! ನಮ್ಮ ಮನೆಯಲ್ಲಿ ಅಮ್ಮ ಚಪ್ಪಾಳೆ ತಟ್ಟಿದಳು. ಅಪ್ಪ ಅಮ್ಮನ ಊರಿಗೆ ಬಂದು ನೂರು ಹೊಡೆದ ಹುಡುಗ, ಬೇಜಾರು ಯಾಕೆ ಅಂದಳು.

ಮಾಡರೇಟರ್ · 4 ನವೆಂಬರ್ 2024

ಕನ್ನಡಿಗ, ಮುಂಬೈಕರ್ ಜಗಳ ಬೇರೆ ಎಳೆಯಲ್ಲಿ ಆಡಿ. ಮೂರು ಕಾಮೆಂಟ್ ತೆಗೆದಿದ್ದೇನೆ. ಮೀಮ್ ಹಾಕಿದವರು ಯಾರು ಅಂತ ಗೊತ್ತು, ನಾಳೆ ಬೆಣ್ಣೆ ದೋಸೆ ಕೊಡಿಸಬೇಕು.

ಹಳೇ ಪ್ರೆಸ್‌ಬಾಕ್ಸ್ · 4 ನವೆಂಬರ್ 2024

ದಾವಣಗೆರೆಯವರು ಈ ಚರ್ಚೆ ಮಾಡುವಾಗ ಪರ್ತ್ ಮರೆಯಬಾರದು. ಮುಂದಿನ ಸರಣಿ ಶುರುವಾಗುವುದೂ ಪರ್ತ್‌ನಲ್ಲೇ, ಇದೇ 22ಕ್ಕೆ.

2011-12ರ ಆಸ್ಟ್ರೇಲಿಯಾ ಸರಣಿ, 0-4. ಇದಕ್ಕಿಂತ ಏಕಪಕ್ಷೀಯ. ಕ್ಲಾರ್ಕ್ ಒಬ್ಬನೇ 626 ರನ್ ಹೊಡೆದ, ಸಿಡ್ನಿಯಲ್ಲಿ ಔಟಾಗದೆ 329. ನಮ್ಮ ಕಡೆಯಿಂದ ನಾಲ್ಕು ಟೆಸ್ಟ್‌ಗೆ ಸೇರಿ ಒಂದೇ ಶತಕ, ಅಡಿಲೇಡ್‌ನಲ್ಲಿ ಕೊಹ್ಲಿ. ಮೂರನೇ ಟೆಸ್ಟ್ ಪರ್ತ್. 0-2 ಆಗಿದೆ. ಅಶ್ವಿನ್‌ನನ್ನು ಕೂರಿಸಿ ನಾಲ್ಕು ಫಾಸ್ಟ್ ಬೌಲರ್ ಇಳಿಸಿದರು. ನಾಲ್ಕನೆಯವರು ನಮ್ಮೂರಿನ ಆರ್. ವಿನಯ್ ಕುಮಾರ್.

ಆ ದಿನ ಬೆಳಗ್ಗೆ ಎದ್ದವರಿಗೆ ನೆನಪಿರುತ್ತದೆ. ಎಂಟು ಗಂಟೆ ಅಂದರೆ ಇಲ್ಲಿ ಚಳಿಗಾಲ, ಶಾಲು ಹೊದ್ದುಕೊಂಡು ಟೀವಿ ಮುಂದೆ. ನಮ್ಮ ಬೀದಿಯಲ್ಲಿ ಒಬ್ಬರು ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಊರಿನ ಹುಡುಗ ಟೆಸ್ಟ್ ಕ್ಯಾಪ್ ಹಾಕಿಕೊಂಡಿದ್ದಾನೆ, ತಮಾಷೆಯೇ? ನಾವು 161ಕ್ಕೆ ಆಲೌಟ್. ಆಮೇಲೆ ವಾರ್ನರ್. 69 ಬಾಲ್‌ಗೆ ನೂರು, ಒಟ್ಟು 180. ಮೊದಲ ವಿಕೆಟ್ ಬಿದ್ದದ್ದೇ 214ಕ್ಕೆ. ಆ ಹೊಡೆತ ಎಲ್ಲ ಬೌಲರ್‌ಗೂ ಬಿತ್ತು. ವಿನಯ್ 13 ಓವರ್, 73 ರನ್, 1 ವಿಕೆಟ್. ಹಸ್ಸಿಯದು. ಇನಿಂಗ್ಸ್ ಮತ್ತು 37 ರನ್ ಸೋಲು, ಮೂರೇ ದಿನದಲ್ಲಿ.

ಅದೇ ಮೊದಲು, ಅದೇ ಕೊನೆ. ಮತ್ತೆ ಟೆಸ್ಟ್ ಸಿಗಲಿಲ್ಲ.

ಈಗ ಲೆಕ್ಕ ಹಾಕಿ. ಆ ಸರಣಿ ಸೋತದ್ದು ಬೌಲಿಂಗ್‌ನಿಂದಲೋ ಬ್ಯಾಟಿಂಗ್‌ನಿಂದಲೋ? ಎಂಟು ಇನಿಂಗ್ಸ್‌ನಲ್ಲಿ ದ್ರಾವಿಡ್ 194, ಲಕ್ಷ್ಮಣ್ 155. ಅದಕ್ಕೆ ಆರು ತಿಂಗಳು ಮೊದಲು ಇಂಗ್ಲೆಂಡ್‌ನಲ್ಲಿ ಇದೇ 0-4 ಆದಾಗ ದ್ರಾವಿಡ್ ಒಬ್ಬರೇ ಮೂರು ಶತಕ, 461 ರನ್ ಹೊಡೆದಿದ್ದರು. ಅವರ ಮೇಲೆ ನನಗೆ ಕೋಪ ಇಲ್ಲ. ಇಬ್ಬರೂ ಆ ವರ್ಷವೇ ಗೌರವದಿಂದ ನಿವೃತ್ತಿ ಹೇಳಿದರು. ದೊಡ್ಡವರು ಸೋತರೆ ಕಾಲ ಮುಗಿಯಿತು ಅಂತಾರೆ. ಅಂಚಿನಲ್ಲಿ ನಿಂತವನು ಸೋತರೆ ಯೋಗ್ಯತೆ ಇಲ್ಲ ಅಂತಾರೆ. 0-4ರಲ್ಲಿ 13 ಓವರ್ ಹಾಕಿದವನ ಯೋಗ್ಯತೆ ಅಳೆಯುವುದು ಹೇಗೆ?

ಇನ್ನೊಂದು ಕಡೆ ನೋಡಿ. ಅದೇ ವಿನಯ್ ಕ್ಯಾಪ್ಟನ್ ಆಗಿ ಕರ್ನಾಟಕಕ್ಕೆ ಸತತ ಎರಡು ರಣಜಿ ತಂದರು, 2013-14 ಮತ್ತು 2014-15. ಎರಡನೇ ಫೈನಲ್ ಮೊನ್ನೆ ನಾವು ಸೋತ ಅದೇ ವಾಂಖೆಡೆಯಲ್ಲಿ. ತಮಿಳುನಾಡನ್ನು 134ಕ್ಕೆ ಉರುಳಿಸಿದರು, ಅವರಿಗೇ 34 ರನ್ ಕೊಟ್ಟು 5 ವಿಕೆಟ್. ಆಮೇಲೆ ಬ್ಯಾಟ್ ಹಿಡಿದು ಔಟಾಗದೆ 105. ಕರುಣ್ ನಾಯರ್ 328, ರಾಹುಲ್ 188 ಹೊಡೆದದ್ದು ಅದೇ ಮ್ಯಾಚ್. ಪ್ರಥಮ ದರ್ಜೆಯಲ್ಲಿ 504 ವಿಕೆಟ್ ತೆಗೆದವರ ಟೆಸ್ಟ್ ಲೆಕ್ಕ ಒಂದೇ ಸಾಲು.

ಹಾಗಾಗಿ ಸೋತ ಸರಣಿಯ ಮಾರ್ಕ್ಸ್ ಕಾರ್ಡ್ ಕಂಡರೆ ನನಗೆ ಭಯ. ಅದರಲ್ಲಿ ತಪ್ಪು ಯಾರದು ಅನ್ನುವುದಕ್ಕಿಂತ ತಪ್ಪು ಹೊರಿಸಲು ಯಾರು ಸುಲಭ ಅನ್ನುವುದು ಜಾಸ್ತಿ ಇರುತ್ತದೆ.

ರನ್‌ರೇಟ್ ರಾಜ · 4 ನವೆಂಬರ್ 2024

ಚಿನ್ನಸ್ವಾಮಿಯಲ್ಲಿ ಆಸ್ಟ್ರೇಲಿಯಾ ಮೇಲಿನ ಏಕದಿನದಲ್ಲಿ ವಿನಯ್ 9 ಓವರ್‌ಗೆ 102 ಕೊಟ್ಟದ್ದನ್ನೂ ಬರೀರಿ ಸರ್. ಅರ್ಧ ಮಾತ್ರ ಹೇಳಬಾರದು.

ಹಳೇ ಪ್ರೆಸ್‌ಬಾಕ್ಸ್ · 4 ನವೆಂಬರ್ 2024

ಬರೆಯೋಣ. 2 ನವೆಂಬರ್ 2013, ಅದೂ ದೀಪಾವಳಿ ಹೊತ್ತು. ರೋಹಿತ್ 209 ಹೊಡೆದ ಮ್ಯಾಚ್. ಆಸ್ಟ್ರೇಲಿಯಾ 326 ಹೊಡೆದೂ 57 ರನ್‌ಗೆ ಸೋತಿತು. ಗೆದ್ದ ಮ್ಯಾಚ್‌ನ 102 ನಿಮಗೆ ನೆನಪಿದೆ, ವಾಂಖೆಡೆಯ 105 ನೆನಪಿಲ್ಲ. ನಾನು ಹೇಳುತ್ತಿರುವುದೂ ಅದನ್ನೇ.

ರನ್‌ರೇಟ್ ರಾಜ · 4 ನವೆಂಬರ್ 2024

ಸರಿ ಬಿಡಿ, ಔಟ್. ರಿವ್ಯೂ ತಗೊಳ್ಳಲ್ಲ.

ಸ್ಕೋರ್‌ಬುಕ್ ಅಕ್ಕ · 4 ನವೆಂಬರ್ 2024

ಗೆದ್ದವರಿಗೆ ಮಾರ್ಕ್ಸ್ ಹಾಕುವುದನ್ನೇ ಮರೆತೆವು ನೋಡಿ. ನ್ಯೂಜಿಲೆಂಡ್ ಇಲ್ಲಿಗೆ ಬಂದದ್ದು ಶ್ರೀಲಂಕಾದಲ್ಲಿ 0-2 ಸೋತು. ಸೌಥಿ ಕ್ಯಾಪ್ಟನ್ಸಿ ಬಿಟ್ಟಿದ್ದ, ಲೇಥಮ್ ಹೊಸದಾಗಿ ವಹಿಸಿಕೊಂಡಿದ್ದ. ವಿಲಿಯಮ್ಸನ್ ಗಾಯ ಅಂತ ಒಂದೂ ಟೆಸ್ಟ್ ಆಡಲಿಲ್ಲ. ಅವನ ಜಾಗದಲ್ಲಿ ಬಂದ ವಿಲ್ ಯಂಗ್ 244 ರನ್ ಹೊಡೆದು ಸರಣಿಶ್ರೇಷ್ಠ ಆದ. ಪುಣೆಯಲ್ಲಿ 13 ವಿಕೆಟ್ ತೆಗೆದ ಸ್ಯಾಂಟ್ನರ್ ಮುಂಬೈಗೆ ಇಲ್ಲ. ಅಲ್ಲಿ ಎಜಾಜ್ ಪಟೇಲ್ 11 ತೆಗೆದ, ಅದೂ ಹುಟ್ಟಿದೂರಲ್ಲಿ. ಒಬ್ಬ ಇಲ್ಲದಿದ್ದರೆ ಇನ್ನೊಬ್ಬ. 1988ರ ನಂತರ ಭಾರತದಲ್ಲಿ ಒಂದು ಟೆಸ್ಟ್ ಕೂಡ ಗೆಲ್ಲದವರು ಮೂರಕ್ಕೆ ಮೂರು ಗೆದ್ದರು. ನಮ್ಮ ತಪ್ಪು ಎಣಿಸುವ ಭರದಲ್ಲಿ ಅವರ ಆಟ ಕಾಣಲೇ ಇಲ್ಲ ಅಲ್ವಾ?

ಕೋಟೆ ಸ್ಪಿನ್ನರ್, ಚಿತ್ರದುರ್ಗ · 4 ನವೆಂಬರ್ 2024

ಒಪ್ಪಿದೆ. ಲೇಥಮ್‌ಗೆ 9. ಸ್ವೀಪ್ ಹೊಡೆಯುವುದನ್ನು ನಮ್ಮವರಿಗೆ ಅವರೇ ಕಲಿಸಿ ಹೋಗಲಿ.

ಗಾಜಿನಮನೆ ಹುಡುಗ · 25 ನವೆಂಬರ್ 2024

ಎಳೆ ಮೇಲೆ ತರುತ್ತಿದ್ದೇನೆ, ಕ್ಷಮಿಸಿ, ತಡೆಯೋಕಾಗಲಿಲ್ಲ. ಪರ್ತ್! 295 ರನ್ ಗೆಲುವು! ರೋಹಿತ್ ಇಲ್ಲ ಅಂತ ರಾಹುಲ್ ಓಪನಿಂಗ್ ಇಳಿದು 77, ಜೈಸ್ವಾಲ್ 161, ಇಬ್ಬರೂ ಸೇರಿ 201. ಕೊಹ್ಲಿ ನೂರು. ನ್ಯೂಜಿಲೆಂಡ್ ಮೇಲೆ ಮೂರೇ ವಿಕೆಟ್ ಸಿಕ್ಕಿದ್ದ ಬುಮ್ರಾ ಇಲ್ಲಿ ಎಂಟು. ಮೂರು ವಾರದ ಹಿಂದೆ ನಿಮ್ಮ ಮಾರ್ಕ್ಸ್ ಕಾರ್ಡ್ ಏನಿತ್ತು?

ರನ್‌ರೇಟ್ ರಾಜ · 25 ನವೆಂಬರ್ 2024

ಒಂದು ಟೆಸ್ಟ್‌ಗೆ ಇಷ್ಟು ಕುಣಿಬೇಡ. ಇನ್ನೂ ನಾಲ್ಕಿದೆ.

ಹನ್ನೊಂದನೇ ಬ್ಯಾಟ್ಸ್‌ಮನ್, ದಾವಣಗೆರೆ · 26 ನವೆಂಬರ್ 2025

ಒಂದು ವರ್ಷ ದಾಟಿತು. ನಾನೇ ಶುರು ಮಾಡಿದ ಎಳೆ, ನಾನೇ ಮತ್ತೆ ಎತ್ತುತ್ತಿದ್ದೇನೆ. ಇವತ್ತು ಗುವಾಹಟಿಯಲ್ಲಿ ದಕ್ಷಿಣ ಆಫ್ರಿಕಾ 408 ರನ್‌ನಿಂದ ಗೆದ್ದಿತು. ರನ್ ಲೆಕ್ಕದಲ್ಲಿ ಭಾರತಕ್ಕೆ ಇದೇ ಅತಿ ದೊಡ್ಡ ಸೋಲು. 0-2.

ರಾಜ ಹೇಳಿದ್ದು ನಿಜವಾಯಿತು, ಆಸ್ಟ್ರೇಲಿಯಾದಲ್ಲಿ ಆಮೇಲೆ 1-3 ಆಯಿತು. ಅಶ್ವಿನ್ ಸರಣಿಯ ನಡುವೆಯೇ ನಿವೃತ್ತಿ ಹೇಳಿದರು. ಮೇ ತಿಂಗಳಲ್ಲಿ ರೋಹಿತ್, ಅದಾದ ವಾರದೊಳಗೆ ಕೊಹ್ಲಿ. ನಾನು 2 ಮಾರ್ಕ್ಸ್ ಕೊಟ್ಟ ಇಬ್ಬರೂ ಈಗ ಟೆಸ್ಟ್‌ನಲ್ಲಿಲ್ಲ. ಆದರೂ ಸ್ಕೋರ್‌ಕಾರ್ಡ್ ಅದೇ ಥರ ಕಾಣುತ್ತಿದೆ. ಕೋಲ್ಕತ್ತಾದಲ್ಲಿ ಬೇಕಿದ್ದದ್ದು 124, ಹೊಡೆದದ್ದು 93. ಮುಂಬೈನ 147, 121 ನೆನಪಾಯಿತು. ಹಾಗಾದರೆ ನಾನು ಯಾರಿಗೆ ಮಾರ್ಕ್ಸ್ ಕಳೆದದ್ದು?

ಕೋಟೆ ಸ್ಪಿನ್ನರ್, ಚಿತ್ರದುರ್ಗ · 26 ನವೆಂಬರ್ 2025

ನಮಗೆ ಬೇಕಿದ್ದದ್ದು ಇದೇ ಪಿಚ್ ಅಂತ ಕೋಲ್ಕತ್ತಾ ಮ್ಯಾಚ್ ಆದ ಮೇಲೆ ಕೋಚ್ ಗಂಭೀರ್ ಅವರೇ ಹೇಳಿದರು. ಇನ್ನು ನಾನು ಹೇಳುವುದೇನಿದೆ? ಗುಂಡಿ, ಎಂಟನೇ ಕ್ಲಾಸ್ ಹುಡುಗ, ಎಲ್ಲ ಮೇಲೆ ಬರೆದಾಗಿದೆ.

ಸ್ಕೋರ್‌ಬುಕ್ ಅಕ್ಕ · 26 ನವೆಂಬರ್ 2025

ನಿಲ್ಲಿ, ಗುವಾಹಟಿಯಲ್ಲಿ ಗುಂಡಿ ಇರಲಿಲ್ಲ. ಅವರು 489 ಹೊಡೆದ ಪಿಚ್ ಅದು. ಮುತ್ತುಸಾಮಿ 109, ಒಂಬತ್ತನೇ ನಂಬರಿಗೆ ಬಂದ ಯಾನ್ಸೆನ್ 93. ಆಮೇಲೆ ಅದೇ ಯಾನ್ಸೆನ್ ಬೌನ್ಸರ್ ಹಾಕಿ 48 ರನ್ ಕೊಟ್ಟು 6 ತೆಗೆದ. ಎರಡೂ ಟೆಸ್ಟ್ ಸೇರಿ ಹಾರ್ಮರ್‌ಗೆ 17 ವಿಕೆಟ್. ಅವನದು ಬರೀ ಗುಂಡಿಗೆ ಗುರಿ ಇಟ್ಟ ಬೌಲಿಂಗ್ ಅಲ್ಲ, ನೀವು ನಾಲ್ಕು ವರ್ಷ ಕಲಿತೆ ಅಂದಿರಲ್ಲ, ಅದು. ಮತ್ತೆ ಕೊನೆಯ ವಿಕೆಟ್‌ಗಳನ್ನು ನಾವು ಬೇಗ ಮುಗಿಸಲಿಲ್ಲ. ರಚಿನ್, ಸೌಥಿ ಪುಟ ತೆಗೆದು ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ.

ಕೋಟೆ ಸ್ಪಿನ್ನರ್, ಚಿತ್ರದುರ್ಗ · 26 ನವೆಂಬರ್ 2025

ಗುವಾಹಟಿ ಮಟ್ಟಿಗೆ ಸೋಲು ಒಪ್ಪಿಕೊಳ್ಳುತ್ತೇನೆ ಅಕ್ಕ. ಕೋಲ್ಕತ್ತಾ ಬಿಟ್ಟುಕೊಡಲ್ಲ.

ಗಾಜಿನಮನೆ ಹುಡುಗ · 26 ನವೆಂಬರ್ 2025

ರಾಹುಲ್ ಈ ವರ್ಷ ಇಂಗ್ಲೆಂಡ್‌ನಲ್ಲಿ 532 ರನ್ ಹೊಡೆದ ಅಂತ ನೆನಪಿಸಿ ಸುಮ್ಮನಾಗುತ್ತೇನೆ.

ಹಳೇ ಪ್ರೆಸ್‌ಬಾಕ್ಸ್ · 26 ನವೆಂಬರ್ 2025

ರಾಹುಲ್‌ಗೆ ಬಾಗಿಲು ಮತ್ತೆ ತೆರೆಯಿತು, ಖುಷಿ. ಆದರೆ ಹಿಂದಿನ ವರ್ಷ ಬೆಂಗಳೂರಲ್ಲಿ 150 ಹೊಡೆದ ಸರ್ಫರಾಜ್ ಎಲ್ಲಿ? ಮುಂಬೈ ಟೆಸ್ಟ್ ಆದ ಮೇಲೆ ಅವನು ಒಂದೇ ಒಂದು ಟೆಸ್ಟ್ ಆಡಿಲ್ಲ. ಆಸ್ಟ್ರೇಲಿಯಾಕ್ಕೆ ಕರೆದುಕೊಂಡು ಹೋಗಿ ಐದು ಟೆಸ್ಟ್ ಬೆಂಚ್ ಮೇಲೆ ಕೂರಿಸಿದರು. ಈ ಎಳೆಯ ಮೊದಲ ಪೋಸ್ಟ್ ಮತ್ತೆ ಓದಿದೆ. ಹನ್ನೊಂದನೇ ಬ್ಯಾಟ್ಸ್‌ಮನ್ ಅವರೇ, ನೀವು ಆರು ಜನರಿಗೆ ಮಾರ್ಕ್ಸ್ ಹಾಕಿದ್ದೀರಿ. ಅವನ ಹೆಸರೇ ಬರೆದಿಲ್ಲ.

ಹನ್ನೊಂದನೇ ಬ್ಯಾಟ್ಸ್‌ಮನ್, ದಾವಣಗೆರೆ · 26 ನವೆಂಬರ್ 2025

ಈಗ ನೋಡಿದೆ. ನಿಜ, ಬರೆದಿಲ್ಲ. ನಾನಿದ್ದ ದಿನ ಅವನು ಡಕ್, ಮಿಡ್‌ಆಫ್‌ನಲ್ಲಿ ಕಾನ್ವೇ ಹಾರಿ ಹಿಡಿದ. 150 ಹೊಡೆಯುವ ಹೊತ್ತಿಗೆ ನಾನು ಊರಿಗೆ ವಾಪಸ್ ಬಂದಾಗಿತ್ತು.